ಗೇಟಿನ ಮುಂದೆ ನಿಲ್ಲದ ಮೋಟಾರು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ಹಾವೇರಿಯಲ್ಲಿ ಹೆರಿಗೆ ಮಾಡಿಸುವ ಒಬ್ಬ ಲೇಡಿ ಡಾಕ್ಟರರ ಮೋಟಾರು ನಡೆಸುತ್ತಿದ್ದೆ. ಊರವರು ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಇಲ್ಲಿ ಬಾಯಿಯವರು ಎಂದೇ ಬರೆಯುತ್ತೇನೆ. ಮೋಟಾರು ತೀರ ಹಳೆಯದು. ಮೇಲೆ ಕ್ಯಾನ್ವಾಸಿನ ಹೊದಿಕೆ, ಹತ್ತಲಿಕ್ಕೆ ಪಕ್ಕದಲ್ಲಿ ಉದ್ದನೆಯ ಹಲಗೆ. ಬ್ರೇಕು ಇದ್ದದ್ದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಕಾಲಿನಿಂದ ಒತ್ತಿದರೂ ಕೈಯಿಂದ ಎಳೆದರೂ ಹಿಡಿಯುವುದು ಆ ಎರಡನ್ನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಡೆದದ್ದು ತಿಳಿಯಲು ಇದು ಗೊತ್ತಿರಬೇಕು.

ಯುದ್ಧ ಮುಗಿಯುವವರೆಗೆ ಹೊಸ ಗಾಡಿಯೂ ಇಲ್ಲ, ಬಿಡಿ ಸಾಮಾನೂ ಇಲ್ಲ ಎಂದು ಹುಬ್ಬಳ್ಳಿಯ ಅಂಗಡಿಯವರು ಕೈಯಲ್ಲಾಡಿಸಿಬಿಟ್ಟಿದ್ದರು. ಆ ದಿನ ಬಾಯಿಯವರು ಮೋಟಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತು ನನ್ನನ್ನು ಕೇಳಿದರು:

"ಇದು ಲಡಾಯಿ ಮುಗಿಯೂತನಾ ನಡೀತದೇನಪಾ?"

"ನಡೀತೈತ್ರಿ, ಬಾಯಾರ."

"ಬಾಯಿ ಮಾತಿಗೆ ಹೇಳಬ್ಯಾಡ. ಟಾಂಗಾದಾಗ ನಾ ಕಾಗಿನೆಲಿ ಮುಟ್ಟೂದ್ರಾಗ ಕೂಸು ಹುಟ್ಟಿ ನಡಿಯಾಕ ಕಲೀತದ. ಇಲ್ಲಾ, ಹುಟ್ಟೂದ ಇಲ್ಲ."

ನಾನು ಬಾಯಿ ಮಾತಿಗೆ ಹೇಳಿರಲಿಲ್ಲ. ಯಂತ್ರ ಒಮ್ಮೆಲೇ ಕೆಡುವುದಿಲ್ಲ, ದಿನಕ್ಕೆ ಒಂದಿಷ್ಟು ಕೆಡುತ್ತ ಹೋಗುತ್ತದೆ. ಆ ಒಂದಿಷ್ಟನ್ನು ದಿನವೂ ಹಿಡಿದು ಸರಿಪಡಿಸುತ್ತ ಹೋದರೆ ಅದು ನಮ್ಮ ಕೈಬಿಟ್ಟು ಹೋಗುವುದಿಲ್ಲ. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗಲೇ ಕಡ್ಡಿ ತೆಗೆದು ಆಯಿಲ್ ನೋಡುತ್ತಿದ್ದೆ. ಬದಲಿಸಿದ ಹಳೆಯ ಆಯಿಲನ್ನು ಚೆಲ್ಲುತ್ತಿರಲಿಲ್ಲ. ಗಡಿಗೆಯಲ್ಲಿ ತಿಳಿಯಾಗಲು ಬಿಟ್ಟು, ಮೇಲಿನದನ್ನು ದಪ್ಪ ಅರಿವೆಯಲ್ಲಿ ಸೋಸಿ, ಸ್ಪ್ರಿಂಗಿನ ಪಟ್ಟಿಗಳಿಗೆ ಸವರುತ್ತಿದ್ದೆ. ಬ್ಯಾಟರಿಗೆ ಹಾಕಲು ಮಳೆಗಾಲದಲ್ಲಿ ಬಯಲಲ್ಲಿ ಪಿಂಗಾಣಿ ಬಟ್ಟಲಿಟ್ಟು ನೀರು ಹಿಡಿದು ಬಾಟಲಿಗಳಲ್ಲಿ ಮುಚ್ಚಿಟ್ಟಿದ್ದೆ. ಸಂಜೆ ಬಂದ ಮೇಲೆ ನಾಲ್ಕೂ ಟಯರುಗಳ ಮೇಲೆ ಅಂಗೈಯಾಡಿಸುತ್ತಿದ್ದೆ. ಎತ್ತುಗಳ ಲಾಳದಿಂದ ಕಳಚಿ ಬಿದ್ದ ಮೊಳೆಗಳು ನಮ್ಮ ರಸ್ತೆಗಳಲ್ಲಿ ಬಹಳ. ಚುಚ್ಚಿದ ದಿನವೇ ಕಿತ್ತರೆ ಒಳಗಿನ ಟ್ಯೂಬು ಉಳಿಯುತ್ತದೆ, ಮರುದಿನಕ್ಕೆ ಬಿಟ್ಟರೆ ಉಳಿಯುವುದಿಲ್ಲ.

ಬ್ಯಾಡಗಿಗೆ ಹೋಗಿಬಂದ ದಿನದ ಕೆಲಸವೇ ಬೇರೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಆ ರಸ್ತೆಯ ಗಾಳಿಯೇ ಕೆಂಪಗಿರುತ್ತದೆ. ಕಾಯಿಯ ಸಿಪ್ಪೆ, ಬೀಜ, ಧೂಳು ಎಲ್ಲ ರೇಡಿಯೇಟರಿನ ಕಣ್ಣುಗಳಲ್ಲಿ ಕೂತು ಎಂಜಿನ್ನು ಕಾಯುತ್ತದೆ. ಒಣಗಿದ್ದಾಗಲೇ ಹಿಂದಿನಿಂದ ಮುಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು ಉದುರಿಸಬೇಕು. ನೀರು ಹಾಕಿದರೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಹೊಡೆದವನು ಅರ್ಧ ತಾಸು ಸೀನುತ್ತಾನೆ.

"ಎಂಜಿನ್‌ಗೆ ನೆಗಡಿ ಬಿಟ್ಟು ನಿನಗ ಬಂತು ನೋಡು," ಎಂದು ಚಾಚಾ ನಗುತ್ತಿದ್ದರು.

ಚಾಚಾ ಎಂದರೆ ಮೊದಲು ಬಾಯಿಯವರ ಟಾಂಗಾ ಹೊಡೆಯುತ್ತಿದ್ದ ಮುದುಕರು. ಮೋಟಾರು ಬಂದ ಮೇಲೆ ಕುದುರೆ ಮಾರಿ ಹೋಯಿತು, ಚಾಚಾ ಉಳಿದರು. ಅಂಗಳ ನೋಡಿಕೊಳ್ಳುವುದು, ಬೆಳಿಗ್ಗೆ ಮೋಟಾರು ತೊಳೆಯುವುದು ಅವರ ಕೆಲಸ. ಕುದುರೆಯ ಮೈ ತಿಕ್ಕಿದ ಹಾಗೆಯೇ ತಿಕ್ಕುತ್ತಿದ್ದರು, ಮಡ್ಗಾರ್ಡಿಗೆ ಮೆಲ್ಲನೆ ತಟ್ಟಿ "ಹೂಂ, ಆತು" ಎನ್ನುತ್ತಿದ್ದರು. ಟಾಂಗಾದ ಸಾಮಾನುಗಳನ್ನು ಅವರು ಬಿಸಾಡಿರಲಿಲ್ಲ. ಚಾವಡಿಯ ಗೂಟಕ್ಕೆ ಚಾಬೂಕು, ಅದರ ಪಕ್ಕ ಕೀಲೆಣ್ಣೆ ತುಂಬಿದ ಬಿದಿರಿನ ಗೊಟ್ಟ, ಗೊಟ್ಟದಲ್ಲಿ ಒಂದು ಕೋಳಿಪುಕ್ಕ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಗಾಡಿಯ ಅಚ್ಚಿಗೆ ಹಚ್ಚುವ ಎಣ್ಣೆ ಅದು.

ಅದೊಂದು ಬೆಳಿಗ್ಗೆ ಬ್ಯಾಡಗಿಯಿಂದ ಕರೆ ಬಂತು. ಚೊಚ್ಚಲು ಹೆರಿಗೆ, ಕೂಸು ಅಡ್ಡ ಬಂದಿದೆ ಎಂದು ಕರೆಯಲು ಬಂದವನು ಹೇಳಿದ. ಚಾಚಾ ಆಗಷ್ಟೇ ತೊಳೆದಿದ್ದರು. ನಾನು ಮೋಟಾರನ್ನು ಚಾವಡಿಯಿಂದ ಹೊರಗೆ ತೆಗೆದಾಗ ಹಿಂದಿನ ಗಾಲಿ ಕಿರ್ರೆಂದು ಕೂಗಿತು. ತೊಳೆದ ದಿನ ಅದು ಹಾಗೆ ಕೂಗುವುದೇ. ಬ್ರೇಕಿನ ಪಟ್ಟಿ ಹಸಿಯಾಗಿರುತ್ತದೆ, ಸ್ವಲ್ಪ ಓಡಿದರೆ ಒಣಗಿ ಸುಮ್ಮನಾಗುತ್ತದೆ. ನಾನು ಪೆಟ್ರೋಲಿನ ಡಬ್ಬಿ ತರಲು ಒಳಗೆ ಹೋದೆ. ಬಾಯಿಯವರು ಪೆಟ್ಟಿಗೆ ಹಿಡಿದು ಬಂದರು. ಹೊರಟೆವು. ಗಾಲಿ ಕೂಗಲಿಲ್ಲ. ಇಷ್ಟು ಬೇಗ ಒಣಗಿತೇ ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟೆ.

ಊರೊಳಗೆ ಬ್ರೇಕು ಎಂದಿನಂತೆ ಹಿಡಿಯಿತು. ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿಯ ರಸ್ತೆಗೆ ಹೊರಳುವಾಗ ಕಾಲು ಸ್ವಲ್ಪ ಹೆಚ್ಚು ಒತ್ತಬೇಕಾಯಿತು. ಇಳಿದು ನೋಡಬೇಕು ಎಂದುಕೊಂಡೆ, ಬ್ಯಾಡಗಿ ಮುಟ್ಟಿದ ಮೇಲೆ.

ಮುಂದೆ ರೈಲ್ವೆ ಗೇಟು. ಅಲ್ಲಿಗೆ ರಸ್ತೆ ಮೆಲ್ಲಗೆ ಇಳಿಯುತ್ತದೆ. ಗೇಟು ಹಾಕಿತ್ತು. ಎಡಗಡೆಗೆ ಮೆಣಸಿನಕಾಯಿ ಚೀಲ ಹೇರಿದ ಚಕ್ಕಡಿಗಳು ಸಾಲಾಗಿ ನಿಂತಿದ್ದವು. ಬ್ರೇಕು ಒತ್ತಿದೆ. ಕಾಲು ಕೆಳಗೆ ಹೋಯಿತು, ಗಾಡಿ ಹಾಗೆಯೇ ಹೋಗುತ್ತಿತ್ತು. ಕೈ ಬ್ರೇಕು ಎಳೆದೆ. ಅದೂ ಬೆಣ್ಣೆಯಲ್ಲಿ ಎಳೆದ ಹಾಗೆ ಬಂತು. ಗೇರು ಇಳಿಸಲು ನೋಡಿದೆ, ಕರಕರ ಎಂದಿತು, ಬೀಳಲಿಲ್ಲ. ರೈಲಿನ ಸಿಳ್ಳು ಕೇಳಿಸಿತು. ಬಲಕ್ಕೆ ಹೋದರೆ ಗೇಟು, ನೇರ ಹೋದರೆ ಕೊನೆಯ ಚಕ್ಕಡಿ. ಆ ಚಕ್ಕಡಿಯ ಚೀಲಗಳ ಮೇಲೆ ಒಬ್ಬ ಮನುಷ್ಯ ಕವುಚಿ ಮಲಗಿ ನಿದ್ದೆ ಹೋಗಿದ್ದ. ಅವನ ಕಾಲುಗಳು ಹಿಂದಕ್ಕೆ ಇಳಿಬಿದ್ದಿದ್ದವು. ಹಿಮ್ಮಡಿ ಒಡೆದಿದ್ದವು, ಒಡಕಿನಲ್ಲಿ ಕರಿಮಣ್ಣು ತುಂಬಿತ್ತು. ಅಷ್ಟು ಸ್ಪಷ್ಟವಾಗಿ ನಾನು ಬೇರೆ ಯಾರ ಕಾಲನ್ನೂ ನೋಡಿಲ್ಲ.

ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಆ ಕಾಲುಗಳು ನನ್ನ ಬಲ ಮೊಳಕೈಯ ಹತ್ತಿರದಿಂದ ಹಿಂದೆ ಸರಿದವು. ಮೋಟಾರು ಜೋಳ ಕೊಯ್ದ ಹೊಲಕ್ಕೆ ಇಳಿದು, ಕೂಳೆಗಳನ್ನು ಮುರಿಯುತ್ತ ಹೋಗಿ, ಮುಂದಿನ ಬದುವಿಗೆ ಮೂಗು ಊರಿ ನಿಂತಿತು. ಆಮೇಲೆ ರೈಲು ಹಾದುಹೋಯಿತು. ಅದು ಪೂರ್ತಿ ಹೋಗುವವರೆಗೆ ನಾನು ಬ್ರೇಕಿನ ಮೇಲಿನ ಕಾಲು ತೆಗೆದಿರಲಿಲ್ಲ.

ಬಾಯಿಯವರ ಹಣೆ ಮುಂದಿನ ಗಾಜಿನ ಚೌಕಟ್ಟಿಗೆ ತಾಗಿ ಊದಿಕೊಂಡಿತ್ತು. ಅವರು ಮೊದಲು ಪೆಟ್ಟಿಗೆ ತೆರೆದು ಒಳಗಿನ ಬಾಟಲಿ ಒಡೆದಿವೆಯೇ ನೋಡಿದರು. ನಂತರ ನನ್ನನ್ನು ನೋಡಿದರು.

"ಪೆಟ್ಟಾತೇನು?"

"ಇಲ್ರಿ."

"ಹಂಗಾರ ಗಾಡಿ ನೀ ನೋಡು. ನಾ ಹೋಗ್ತೀನಿ."

ಮಲಗಿದ್ದ ಚಕ್ಕಡಿಯವನು ಆಗ ಎದ್ದ. ಏನಾಯಿತೆಂದು ಅವನಿಗೆ ತಿಳಿದಿರಲಿಲ್ಲ. ಹೊಲದಿಂದ ಒಬ್ಬ ಹೆಂಗಸು ಪೆಟ್ಟಿಗೆ ಹಿಡಿದು ಬಂದು ತನ್ನ ಚಕ್ಕಡಿ ಹತ್ತುವುದನ್ನು ಬೆರಗಾಗಿ ನೋಡಿ, "ಘಾಟು ಅದಾವ್ರಿ ಕಾಯಿ, ಸೆರಗು ಮೂಗಿಗೆ ಹಿಡೀರಿ," ಎಂದ. ಚೀಲಗಳ ನಡುವೆ ಕೂತು ಸೀನುತ್ತ ಬಾಯಿಯವರು ಹೋದರು. ಆ ಕೂಸನ್ನು ಹೊಟ್ಟೆಯಲ್ಲೇ ತಿರುಗಿಸಿ ಹೆರಿಗೆ ಮಾಡಿಸಿದರು. ತಾಯಿ, ಕೂಸು ಇಬ್ಬರೂ ಉಳಿದರು.

ಗೇಟಿನವನು ತಂಬಿಗೆಯಲ್ಲಿ ನೀರು ತಂದುಕೊಟ್ಟ. ಬಳಿಕ ಜ್ಯಾಕು ಕೊಟ್ಟು ಹಿಂದಿನ ಗಾಲಿ ಬಿಚ್ಚಿ ಬ್ರೇಕಿನ ಡ್ರಮ್ಮು ಎಳೆದೆ. ಪಟ್ಟಿ ಒತ್ತಿ ಹಿಡಿಯುವ ಅದರ ಒಳಮೈಗೆಲ್ಲ ಕಪ್ಪಗೆ ಜಿಡ್ಡು. ಹಿಂದಿನ ಅಚ್ಚಿನಿಂದ ಗ್ರೀಸು ಸೋರಿರಬೇಕೆಂದು ಮೊದಲು ಅಂದುಕೊಂಡೆ. ಬೆರಳಿಗೆ ತೆಗೆದು ಮೂಸಿದೆ. ಔಡಲೆಣ್ಣೆ, ಸುಟ್ಟ ಹುಲ್ಲು. ಡ್ರಮ್ಮಿನ ಅಂಚಿಗೆ ಕೋಳಿಪುಕ್ಕದ ಒಂದು ಎಳೆ ಅಂಟಿಕೊಂಡಿತ್ತು. ಇನ್ನೊಂದು ಗಾಲಿಯಲ್ಲಿಯೂ ಅದೇ. ಡ್ರಮ್ಮಿನ ಹಿಂದಿನ ಸಂದಿಯಲ್ಲಿ ಪುಕ್ಕದಿಂದ ಹಚ್ಚಿದಾಗ ಗಟ್ಟಿಯಾಗಿದ್ದ ಎಣ್ಣೆ, ಓಡಿ ಡ್ರಮ್ಮು ಬಿಸಿಯಾದ ಮೇಲೆ ಕರಗಿ ಪಟ್ಟಿಗಳಿಗೆ ಇಳಿದಿತ್ತು. ಊರೊಳಗೆ ಹಿಡಿದ ಬ್ರೇಕು ಗೇಟಿನ ಮುಂದೆ ಹಿಡಿಯದೆ ಹೋದದ್ದು ಹಾಗೆ.

ಎತ್ತುಗಳಿಂದ ಎಳೆಸಿ ಮೋಟಾರನ್ನು ಊರಿಗೆ ತಂದಾಗ ಚಾಚಾ ಬಾಗಿಲಲ್ಲೇ ನಿಂತಿದ್ದರು. ನಾನು ಜಿಡ್ಡಿನ ಬೆರಳು ತೋರಿಸಿದೆ.

"ಹೌದು, ನಾನ ಹಾಕೀನಿ," ಎಂದರು. ಅವರ ದನಿಯಲ್ಲಿ ಅಳುಕಿರಲಿಲ್ಲ. ನನ್ನ ಮುಖ ನೋಡಿದ ಮೇಲೆ ಬಂತು. "ಗಾಲಿ ಅಳಾಕತ್ತಿತ್ತಲ್ಲ ಬೇಟಾ. ಹೆರಿಗಿ ಮನಿಗೆ ಅಳೋ ಗಾಲಿ ಹೊಡಕೊಂಡು ಹೋಗೂದಿಲ್ಲ ನಾವು. ನಮ್ಮಪ್ಪನೂ ಹೋಗಿಲ್ಲ. ಎಷ್ಟ ಅವಸರ ಇರಲಿ, ಮೊದಲ ಎಣ್ಣಿ, ಆಮ್ಯಾಲ ಲಗಾಮು."

ಊರಿನ ಟಾಂಗಾದವರೆಲ್ಲ ಪಾಲಿಸುತ್ತಿದ್ದ ನೇಮ ಅದು. ಸೂಲಗಿತ್ತಿಯನ್ನು ಕರೆದೊಯ್ಯುವಾಗ ಗಾಲಿ ಕೂಗಿದರೆ ಕೇಡು ಎಂದು ನಂಬಿದ್ದರು. ಮೋಟಾರಿನ ಗಾಲಿಯ ಒಳಗೆ ಕೂಗುವುದು ಅಚ್ಚಲ್ಲ, ಬ್ರೇಕು ಎಂದು ಚಾಚಾನಿಗೆ ಯಾರೂ ತೋರಿಸಿರಲಿಲ್ಲ. ಮೋಟಾರಿನ ಆರೈಕೆಯಲ್ಲಿ ಅವರು ಮಾಡಿದ್ದು ಅವರಿಗೆ ಗೊತ್ತಿದ್ದ ಎಲ್ಲಕ್ಕಿಂತ ಒಳ್ಳೆಯ ಕೆಲಸ.

ಸಂಜೆ ಬಾಯಿಯವರು ಊದಿದ ಹಣೆಗೆ ಅರಿವೆ ಕಟ್ಟಿಕೊಂಡು ಬಂದು ಎಲ್ಲವನ್ನೂ ಕೇಳಿದರು.

"ಚಾಚಾ, ಅಳೂದಕ್ಕ ಹೆದರಿದ್ರ ಹೆಂಗ? ಹೆರಿಗಿ ಮನ್ಯಾಗ ಕೂಸು ಅಳಲಿಲ್ಲಂದ್ರ ನನ್ನ ಎದಿ ಒಡೀತದ."

ಚಾಚಾ ತಲೆ ತಗ್ಗಿಸಿ ಗೊಟ್ಟವನ್ನು ಗೂಟದಿಂದ ಇಳಿಸಿ ಒಳಗೆ ಒಯ್ದರು. ಇನ್ನು ಅವರು ಮೋಟಾರು ಮುಟ್ಟುವುದು ಬೇಡ ಎಂದು ಬಾಯಿಯವರು ಮೆಲ್ಲಗೆ ಹೇಳಿದರು. ಬಳಿಕ ನನ್ನ ಕಡೆ ತಿರುಗಿದರು.

"ನಿಲ್ಲದ ಗಾಡ್ಯಾಗ ನಾ ಕೂಡೂದಿಲ್ಲ. ಮಂದಿ ಮ್ಯಾಲ ಹಾಯಸ್ಕೋತ ಹೆರಿಗಿ ಮಾಡ್ಸೂದು ಬ್ಯಾಡ. ಆದ್ರ ಕಾಗಿನೆಲಿ ಆ ಹುಡುಗಿಗೆ ದಿನ ತುಂಬಲಿಕ್ಕೆ ಬಂದದ. ಹಿಂದಿನ ಸಲ ಏನಾತು ನಿನಗ ಗೊತ್ತದ."

ಗೊತ್ತಿತ್ತು. ಹಿಂದಿನ ಸಲ ಕೂಸು ಉಳಿದಿರಲಿಲ್ಲ, ತಾಯಿ ಹೇಗೋ ಉಳಿದಿದ್ದಳು. ಈ ಸಲ ನೋವು ಶುರುವಾದ ಕೂಡಲೇ ಬರುತ್ತೇನೆ ಎಂದು ಬಾಯಿಯವರು ಅವಳಿಗೆ ಮಾತು ಕೊಟ್ಟಿದ್ದರು. ಆ ಕರೆ ಬರುವುದರೊಳಗೆ ಬ್ರೇಕು ಹಿಡಿಯಬೇಕಿತ್ತು.

ಮೊದಲು ಪಟ್ಟಿಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತಿಕ್ಕಿದೆ. ಒಣಗಿಸಿ, ಇದ್ದಲಿನ ಶೆಗಡಿಯ ಮೇಲೆ ದೂರದಿಂದ ಕಾಸಿದೆ. ಎಣ್ಣೆ ಬೆವರಿನಂತೆ ಮೇಲೆ ಬಂತು. ಒರೆಸಿದೆ, ಮತ್ತೆ ಕಾಸಿದೆ. ಬರುವುದು ನಿಂತ ಮೇಲೆ ಜೋಡಿಸಿದೆ. ಅಂಗಳದಲ್ಲಿ ಬ್ರೇಕು ಚೆನ್ನಾಗಿ ಹಿಡಿಯಿತು. ನಾನು ನಂಬಲಿಲ್ಲ, ಮೊನ್ನೆಯೂ ಊರೊಳಗೆ ಹಿಡಿದಿತ್ತು. ಒಬ್ಬನೇ ಬಯಲ ರಸ್ತೆಗೆ ಒಯ್ದು ಮತ್ತೆ ಮತ್ತೆ ನಿಲ್ಲಿಸುತ್ತ ಡ್ರಮ್ಮು ಬಿಸಿಯಾಗುವಂತೆ ಓಡಿಸಿದೆ. ಬಿಸಿಯಾದ ಕೂಡಲೇ ಜಾರಿತು. ಎಣ್ಣೆ ಪಟ್ಟಿಯ ಹೊಟ್ಟೆಯೊಳಗೆ ಇಳಿದುಬಿಟ್ಟಿತ್ತು. ಅದನ್ನು ಉಳಿಸಿಕೊಳ್ಳುವ ಆಸೆ ಬಿಟ್ಟೆ.

ಹುಬ್ಬಳ್ಳಿಯಲ್ಲಿ ಹೊಸ ಪಟ್ಟಿ ಇರಲಿಲ್ಲ. ಅಂಗಡಿಯವರು ಮುಂಬಯಿಗೆ ಬರೆಯೋಣ ಎಂದರು. ಕಾಗಿನೆಲೆಯವಳು ಮುಂಬಯಿಯ ಉತ್ತರಕ್ಕೆ ಕಾಯುವ ಹಾಗಿರಲಿಲ್ಲ. ಮರಳಿ ಬರುವಾಗ ರೈಲಿನ ಡಬ್ಬಿಯಲ್ಲಿ ಹತ್ತಿ ತುಂಬಿದ ಅಂಡಿಗೆಗಳ ಮಾತು ನಡೆದಿತ್ತು. ಆಗ ನನಗೆ ರಾಣೆಬೆನ್ನೂರಿನ ಹತ್ತಿ ಮಿಲ್ಲು ನೆನಪಾಯಿತು. ಮಿಲ್ಲಿನ ಯಂತ್ರಗಳನ್ನು ತಿರುಗಿಸುವ ಪಟ್ಟಾ ಎಂದರೆ ಹಲವು ಪದರ ದಪ್ಪಕ್ಕೆ ನೇಯ್ದ ಗಟ್ಟಿ ಹತ್ತಿ. ಜಾರದೆ ಹಿಡಿಯುವುದೇ ಅದರ ಕೆಲಸ. ಹಾವೇರಿಯಲ್ಲಿ ಇಳಿಯಲಿಲ್ಲ, ಅದೇ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋದೆ.

ಮಿಲ್ಲಿನ ಫಿಟ್ಟರು ನನ್ನ ಮಾತು ಕೇಳಿ ಮೂಗಿನ ಮೇಲಿನ ಕನ್ನಡಕ ತೆಗೆದ.

"ಪಟ್ಟಾ ಬ್ರೇಕಿಗೆ ಹಾಕ್ತಿ? ಸುಟ್ಟ ವಾಸನಿ ಬರತೈತಿ ನೋಡು. ಗಾಡಿ ಹಿಂದ ಅಗಸರ ಇಸ್ತ್ರಿ ಬಂದಂಗ ಅಕ್ಕೈತಿ."

"ವಾಸನಿ ಬರಲಿ. ಹಿಡೀತೈತೋ ಇಲ್ಲೋ?"

"ಹಿಡೀತೈತಿ. ಆದ್ರ ಸವೀತೈತಿ. ಘಟ್ಟದ ರಸ್ತಾದಾಗ ಹಾಕಂದ್ರ ನಾ ಬ್ಯಾಡಂತೀನಿ."

"ನಮ್ಮ ಕಡೆ ಘಟ್ಟ ಎಲ್ಲೈತ್ರಿ? ವಾರಕ್ಕೊಮ್ಮೆ ಬಿಚ್ಚಿ ನೋಡ್ತೀನಿ."

ಅವನು ಸ್ವಲ್ಪ ಯೋಚಿಸಿ, ಹರಿದ ಪಟ್ಟಾಗಳ ರಾಶಿಯಲ್ಲಿ ಕೂತು ನನ್ನೊಂದಿಗೆ ಹುಡುಕಿದ. ಯಂತ್ರದ ಎಣ್ಣೆ ತಾಗದ ತುಂಡೇ ಬೇಕೆಂದು ನಾನು ಪ್ರತಿಯೊಂದನ್ನೂ ಮೂಸಿ ನೋಡುತ್ತಿದ್ದೆ. "ಮಾವಿನಹಣ್ಣು ಆರಿಸಿದಂಗ ಆರಸ್ತಾನ," ಎಂದು ಅವನು ಬೇರೆಯವರಿಗೆ ಹೇಳಿ ನಗಿಸಿದ. ತಾಮ್ರದ ರಿವೆಟುಗಳನ್ನು ಕಂಚುಗಾರರ ಓಣಿಯಲ್ಲಿ ಮಾಡಿಸಿಕೊಂಡೆ.

ಮನೆಗೆ ಬಂದು ಹಳೆಯ ಪಟ್ಟಿ ಕಿತ್ತು, ಅದರ ಅಳತೆಗೆ ಪಟ್ಟಾ ಕತ್ತರಿಸಿದೆ. ತುದಿಗಳನ್ನು ಇಳಿಜಾರಾಗಿ ಹೆರೆದೆ, ಇಲ್ಲದಿದ್ದರೆ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ರಿವೆಟು ಹೊಡೆಯುವಾಗ ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ ಹೋಗಬೇಕು. ತುದಿಯಿಂದ ಶುರುಮಾಡಿದರೆ ನಡುವೆ ಉಬ್ಬುತ್ತದೆ. ರಿವೆಟಿನ ತಲೆ ಪಟ್ಟಾದೊಳಗೆ ಹುದುಗಿರಬೇಕು. ಡ್ರಮ್ಮಿನೊಳಗೆ ಸೀಮೆಸುಣ್ಣ ತಿಕ್ಕಿ, ಜೋಡಿಸಿ, ಗಾಲಿ ತಿರುಗಿಸಿ, ಮತ್ತೆ ಬಿಚ್ಚಿ ನೋಡಿದೆ. ಸುಣ್ಣ ಹತ್ತಿದ ಕಡೆ ಎತ್ತರವಿದೆ ಎಂದರ್ಥ. ಅಲ್ಲಿ ಅರದಿಂದ ಉಜ್ಜಿದೆ. ಎಲ್ಲ ಕಡೆಗೂ ಸುಣ್ಣ ಹತ್ತುವವರೆಗೆ ಇದನ್ನೇ ಮಾಡಿದೆ. ಚಾಚಾ ದೂರದಲ್ಲಿ ಬೇವಿನ ಗಿಡದ ಕೆಳಗೆ ಕೂತು ನೋಡುತ್ತಿದ್ದರು. ಹತ್ತಿರ ಬರಲಿಲ್ಲ.

ಮರುದಿನ ಊರ ಹೊರಗಿನ ರಸ್ತೆಗೆ ಅಡ್ಡವಾಗಿ ಸುಣ್ಣದ ಗೆರೆ ಎಳೆದು, ದೂರದಿಂದ ಬಂದು ಗೆರೆಯ ಮೇಲೆ ನಿಲ್ಲಿಸುವುದನ್ನು ಶುರುಮಾಡಿದೆ. ಗಾಡಿ ಮೊದಲು ಎಡಕ್ಕೆ ಎಳೆಯಿತು. ಬ್ರೇಕಿನ ಸಲಾಕೆಗಳನ್ನು ಬಿಗಿಮಾಡಿ ಎರಡೂ ಕಡೆ ಸಮ ಮಾಡಿದೆ. ಇಳಿದು ಗೆರೆ ನೋಡುತ್ತಿದ್ದಾಗ ಚಾಚಾ ನಡೆದು ಬಂದು ಗೆರೆಯ ಆಚೆ ನಿಂತರು.

"ಇಲ್ಲಿ ನಿಂತೀನಿ. ಹೊಡಕೊಂಡು ಬಾ. ನನ್ನ ಮುಂದ ನಿಲ್ಲಸು."

"ಬಾಜೂಕ ಸರೀರಿ, ಚಾಚಾ."

"ನನ್ನ ಮುಂದ ನಿಲ್ಲಸಾಕ ನಿನಗ ಧೈರ್ಯ ಇಲ್ಲಂದ್ರ ಬಾಯಾರನ್ನ ಹೆಂಗ ಕುಂದ್ರಸ್ತಿ?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಆದರೆ ಚಕ್ಕಡಿಯವನ ಆ ಕಾಲುಗಳು ನನ್ನ ಕಣ್ಣ ಮುಂದಿದ್ದವು. ಮನುಷ್ಯನನ್ನು ಮುಂದೆ ನಿಲ್ಲಿಸಿ ನಾನು ಬ್ರೇಕು ಪರೀಕ್ಷೆ ಮಾಡುವವನಲ್ಲ. ಅವರನ್ನು ದೂರವಿಟ್ಟದ್ದರಿಂದಲೂ ಯಾವ ಪ್ರಯೋಜನವಾಗಲಿಲ್ಲ ಎಂದು ಆಗ ಅನ್ನಿಸಿತು. ರಿಪೇರಿಯಿಂದ ದೂರವಿದ್ದದ್ದಕ್ಕೇ ಆ ಗಾಲಿಯೊಳಗೆ ಏನಿದೆ ಎಂದು ಅವರಿಗೆ ಗೊತ್ತಾಗಿರಲಿಲ್ಲ. ಅಲ್ಲಿಯೇ ಜ್ಯಾಕು ಕೊಟ್ಟು ಗಾಲಿ ಬಿಚ್ಚಿದೆ. ಪಟ್ಟಾ ತೋರಿಸಿದೆ, ಕಾಲಿನಿಂದ ಒತ್ತಿ ಅದು ಅಗಲವಾಗಿ ಡ್ರಮ್ಮು ಹಿಡಿಯುವುದನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಅಂದ್ರ ಇದು ಲಗಾಮು," ಎಂದರು.

"ಹೌದ್ರಿ."

"ಲಗಾಮಿಗೆ ಎಣ್ಣಿ ಹಚ್ಚಿದ್ನೇನು ನಾನು." ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು. "ತೋಬಾ."

ಗಾಲಿ ಹಾಕಿ ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೊರಟೆ. ಮೋಟೆಬೆನ್ನೂರಿನವರೆಗೆ ನಿಲ್ಲಿಸುತ್ತ, ಹೊರಡುತ್ತ ಹೋದೆ. ಪ್ರತಿ ಸಲವೂ ಗಾಲಿ ಊರಿಗೆಲ್ಲ ಕೇಳುವ ಹಾಗೆ ಕೂಗಿತು. ಪಟ್ಟಾದ ಗುಣ ಅದು. ಚಾಚಾ ಸೀಟಿನ ಅಂಚು ಹಿಡಿದು ಕೂತಿದ್ದರು. ಡ್ರಮ್ಮು ಕೈಯಿಡಲಾರದಷ್ಟು ಬಿಸಿಯಾಗಿತ್ತು, ಫಿಟ್ಟರು ಹೇಳಿದ ಇಸ್ತ್ರಿಯ ವಾಸನೆ ಬರುತ್ತಿತ್ತು. ಹಾಗೆಯೇ ಬ್ಯಾಡಗಿಯ ಗೇಟಿಗೆ ಇಳಿದೆ. ಗೇಟು ಹಾಕಿತ್ತು, ಚಕ್ಕಡಿಗಳೂ ಇದ್ದವು. ಕೊನೆಯ ಚಕ್ಕಡಿಯ ಹಿಂದೆ ಒಂದು ಎತ್ತು ಅಡ್ಡ ನಿಲ್ಲುವಷ್ಟು ಜಾಗ ಬಿಟ್ಟು ಮೋಟಾರು ಕಿರ್ರೆಂದು ನಿಂತಿತು.

ಗೇಟಿನವನು ನನ್ನ ಗುರುತು ಹಿಡಿದ. "ಏನ್ರಿ, ಇವತ್ತ ಹೊಲಕ್ಕ ಹೋಗೂದಿಲ್ಲೇನು?"

ಚಾಚಾ ನನಗಿಂತ ಮೊದಲು ಉತ್ತರ ಕೊಟ್ಟರು: "ಅಳಾಕತ್ತೈತಿ. ಅದಕ್ಕ ನಿಂತೈತಿ."

ಕಾಗಿನೆಲೆಯ ಕರೆ ಆ ವಾರದಲ್ಲೇ ಬಂತು. ಹೊರಡುವ ಮೊದಲು ಚಾಚಾ ಅಂಗಳದ ಬಾಗಿಲಿಗೆ ಅಡ್ಡವಾಗಿ ಸುಣ್ಣದಲ್ಲಿ ಒಂದು ಗೆರೆ ಎಳೆದು, ಅದರ ಪಕ್ಕಕ್ಕೆ ಸರಿದು ನಿಂತರು. ನಾನು ಮೋಟಾರು ತಂದು ಗೆರೆಯ ಮೇಲೆ ನಿಲ್ಲಿಸಿದೆ. ಅವರು ಬಗ್ಗಿ ಗಾಲಿ ನೋಡಿ, "ಹೂಂ, ಆತು," ಎಂದರು. ಬಾಯಿಯವರು ಆಮೇಲೆ ಹತ್ತಿದರು. ಕಾಗಿನೆಲೆಯ ಆ ಮನೆಯ ಹೊರಗೆ ಕಟ್ಟೆಯ ಮೇಲೆ ನಾನು ಬಹಳ ಹೊತ್ತು ಕೂತಿದ್ದೆ. ಒಳಗಿನಿಂದ ಕೂಸಿನ ಅಳು ಕೇಳಿದಾಗ ಎದ್ದು ಹೋಗಿ ಟಯರುಗಳ ಮೇಲೆ ಕೈಯಾಡಿಸಿದೆ. ಒಂದು ಲಾಳದ ಮೊಳೆ ಸಿಕ್ಕಿತು.

ಆ ಗೆರೆ ನಮ್ಮ ದಿನದ ಆರೈಕೆಗೆ ಸೇರಿಕೊಂಡಿತು. ಆಯಿಲ್, ನೀರು, ಗಾಳಿ ನೋಡುವುದು ನನ್ನದು. ಗಾಡಿ ನಿಲ್ಲುವುದನ್ನು ನೋಡುವುದು ಚಾಚಾನದು. ವಾರಕ್ಕೊಮ್ಮೆ ಪಟ್ಟಾ ಬಿಚ್ಚಿ ಸವೆತ ನೋಡುವಾಗ ಅವರೇ ಡ್ರಮ್ಮು ಒರೆಸುತ್ತಿದ್ದರು, ಒಣ ಅರಿವೆಯಿಂದ. ಸವೆದಾಗ ರಾಣೆಬೆನ್ನೂರಿಗೆ ಹೋಗಿ ಪಟ್ಟಾ ತರುತ್ತಿದ್ದೆ. ಯುದ್ಧ ಮುಗಿದ ದಿನವೂ ಆ ಮೋಟಾರು ಬಾಯಿಯವರನ್ನು ಕೂಡಿಸಿಕೊಂಡು ರಸ್ತೆಯ ಮೇಲೆಯೇ ಇತ್ತು.

ಮುಂದೆ ಕೆಲಕಾಲಕ್ಕೆ ಹೊಸ ಗಾಡಿ ಬಂತು. ನಾಲ್ಕೂ ಗಾಲಿಗಳಿಗೆ ಬ್ರೇಕು, ಮುಟ್ಟಿದರೆ ಸಾಕು ಸದ್ದಿಲ್ಲದೆ ಹಿಡಿಯುತ್ತಿತ್ತು. ಮೊದಲ ಬೆಳಿಗ್ಗೆ ಅದನ್ನು ಹೊರಗೆ ತೆಗೆದಾಗ ಚಾಚಾ ಸುಣ್ಣದ ಡಬ್ಬಿ ಹಿಡಿದು ಅಂಗಳದ ಬಾಗಿಲಿಗೆ ನಡೆದಿದ್ದರು. ಬಾಯಿಯವರು ಮೆಟ್ಟಿಲ ಮೇಲಿಂದ ನಕ್ಕರು.

"ಚಾಚಾ, ಇದು ಹೊಸಾದು."

"ಇರಲಿರಿ, ಬಾಯಾರ," ಎಂದು ಅವರು ಬಗ್ಗಿ ಗೆರೆ ಎಳೆಯುತ್ತಲೇ ಹೇಳಿದರು. "ಹೊಸಾದಕ್ಕ ನಮ್ಮ ಬಾಗಲ ಇನ್ನೂ ಗೊತ್ತಿಲ್ಲ."

ಬಾಯಿಯವರು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಕಾದರು. ನಾನು ಗಾಡಿ ತಂದು ಗೆರೆಯ ಮೇಲೆ ನಿಲ್ಲಿಸಿದೆ.